ಬಾವಿಯ ಸವಳುನೀರು

ಮಣ್ಣೂರ
೧೨-೫-೧೯೮೮

ಚಿ. ಅಂಬುಬಾಯಿಗೆ ಆಶೀರ್ವಾದ.

ನೀನು, ಅಳಿಯ ಮಹಾಂತಪ್ಪ, ಕೂಸು ಗೌರಿ ಆರಾಮ ಇದ್ದೀರೇನವ್ವ? ಕಾರವಾರದಿಂದ ವರ್ಗವಾದಾಗ, ಹೊಸ ಊರಲ್ಲಿ ಮನೆ ಸಿಗುವವರೆಗೆಂದು ನನಗೆ ಒಪ್ಪಿಸಿದ ನಕ್ಷತ್ರಮೀನು ಮಾತ್ರ ಆರಾಮ ಇಲ್ಲ. ಮೊನ್ನೆ ಗಾಜಿನ ತೊಟ್ಟಿಯ ನೀರು ಇಳಿದಿತ್ತು. ನಿನ್ನ ಸೋದರತ್ತೆ ಗುರುಬಾಯಿ, "ಸಮುದ್ರದ್ದೂ ಉಪ್ಪನೀರ, ನಮ್ಮ ಬಾವಿದೂ ಸವಳನೀರ. ಎರಡೂ ಒಂದ ಅಲ್ಲೇನ್ರಿ ಅಣ್ಣಾ, ಹಾಕ್ರಿ" ಎಂದಳು. ಅವಳನ್ನು ಬೈಯಬೇಡ, ಕೊಡ ಎತ್ತಿ ಸುರಿದವನು ನಾನು. ಇಂದು ಒಂದು ತೋಳು ಕಳಚಿ ಬಿದ್ದಿದೆ, ಇನ್ನೊಂದು ಮೆತ್ತಗಾಗಿದೆ. ನೀನು ಇಟ್ಟುಹೋದ ಸಮುದ್ರದ ನೀರು ಅರ್ಧ ಡಬ್ಬಿ ಇದೆ. ಒಮ್ಮೆಲೇ ಹಾಕಲೋ, ಸ್ವಲ್ಪಸ್ವಲ್ಪವೋ? ಕೇಳದೆ ಇನ್ನೊಮ್ಮೆ ತೊಟ್ಟಿಗೆ ಕೈ ಹಾಕಲು ನನಗೆ ಧೈರ್ಯವಿಲ್ಲ. ಅದು ಇನ್ನೂ ಅಲುಗುತ್ತಿದೆ, ಬೇಗ ಬರೆದು ತಿಳಿಸವ್ವ.

ನಿನ್ನ ದೊಡ್ಡಪ್ಪ,
ಶಾಂತಲಿಂಗಪ್ಪ