ಉದ್ದ ತೋಳಿನ ಅಂಗಿಯ ಬಗ್ಗೆ ತಮ್ಮ ವರದಿಯಲ್ಲಿ ಒಂದು ಸಾಲೂ ಇಲ್ಲ

ಮಾನ್ಯ ಕ್ರೀಡಾ ಮಾನ್ಯತಾ ಸಮಿತಿಯ ಅಧ್ಯಕ್ಷರೇ,

ಪೋಲ್ ಡ್ಯಾನ್ಸ್‌ಗೆ ಕ್ರೀಡೆಯ ಮಾನ್ಯತೆ ಕೊಡಲಾಗದು ಎಂಬ ತಮ್ಮ ವರದಿ ಕೈಸೇರಿತು. ‘ಪ್ರದರ್ಶನದ ವೇಳೆ ಅಭ್ಯರ್ಥಿಯು ಹಿಡಿತ ಕಳೆದುಕೊಂಡು ಬಿದ್ದಿದ್ದು, ಸದರಿ ಚಟುವಟಿಕೆಯು ಅಪಾಯಕಾರಿ ಎಂದು ಕಂಡುಬಂದಿರುತ್ತದೆ’ ಎಂದು ಬರೆದಿದ್ದೀರಿ. ಬಿದ್ದವಳು ನನ್ನ ಮಗಳು. ಬಿದ್ದದ್ದೂ ನಿಜ. ಆದರೆ ಉದ್ದ ತೋಳಿನ ಅಂಗಿ, ಪಾದ ಮುಟ್ಟುವ ಪ್ಯಾಂಟ್ ತೊಡಿಸಿ ಅವಳನ್ನು ಕಂಬ ಹತ್ತಿಸಿದವರು ತಾವು. ಹನ್ನೊಂದು ಪುಟದ ವರದಿಯಲ್ಲಿ ಆ ಸಂಗತಿ ಎಲ್ಲಿ ಅಡಗಿದೆಯೆಂದು ಕನ್ನಡಕ ಒರೆಸಿಕೊಂಡು ಎರಡು ಸಲ ಹುಡುಕಿದೆ. ಎಲ್ಲೂ ಸಿಗಲಿಲ್ಲ.

ನಾನು ಗೇಟು, ಕಿಟಕಿ ಸರಳು, ಮೆಟ್ಟಿಲ ಕಂಬಿ ಮಾಡುವ ವೆಲ್ಡರ್. ಮಗಳು ಕಣ್ಣಾಸ್ಪತ್ರೆಯಲ್ಲಿ ದೃಷ್ಟಿ ಪರೀಕ್ಷೆ ಮಾಡುತ್ತಾಳೆ. ಐದು ವರ್ಷದ ಹಿಂದೆ, “ಅಪ್ಪ, ನಂಗೊಂದು ಕಂಬ ಮಾಡ್ಕೊಡು” ಅಂದಳು. ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲಿ ನೆಲದಿಂದ ಚಾವಣಿಯವರೆಗೆ ಸ್ಟೀಲ್ ಪೈಪು ನಿಲ್ಲಿಸಿಕೊಟ್ಟೆ. ಸುಳ್ಳೇಕೆ ಹೇಳಲಿ, ನನಗೂ ನಾಚಿಕೆಯಾಗಿತ್ತು. ಗಿರಾಕಿಗಳು ಇಣುಕಿ ನೋಡಿ ಕೇಳಿದರೆ, “ಚಾವಣಿ ಸ್ವಲ್ಪ ಬಾಗಿದೆ ಸಾರ್, ಆಸರೆಗೆ ಇಟ್ಟಿದೀನಿ” ಎನ್ನುತ್ತಿದ್ದೆ. ನನ್ನ ಅಕ್ಕನಿಗೆ ವಿಷಯ ತಿಳಿದಾಗ ಮೂಗು ಮುರಿದಳು. “ಅಲ್ವೋ, ಕುಡಿಯೋ ಜಾಗದಲ್ಲಿ ಕುಣೀತಾರಲ್ಲ, ಅದೇನೋ ಇದು? ನಾಳೆ ಇವಳನ್ನ ಯಾರು ಮದುವೆ ಆಗ್ತಾರೆ?” ಒಂದು ದಿನ ಸುತ್ತಿಗೆ ಹುಡುಕುತ್ತ ಒಳಗೆ ಹೋದೆ. ತಲೆಕೆಳಗಾಗಿ, ಒಂದೇ ಮೊಣಕಾಲಿನ ಮಡಿಕೆಯಲ್ಲಿ ಇಡೀ ಮೈಭಾರ ಹೊತ್ತು ಕಂಬಕ್ಕೆ ಜೋತಿದ್ದಳು. ಎರಡೂ ಕೈ ಬಿಟ್ಟಿದ್ದಳು. ತೊಡೆಯ ಮೇಲೆ ನೀಲಿಗಟ್ಟಿದ ಕಲೆಗಳು. ಮೂವತ್ತು ವರ್ಷ ಮೈಮುರಿದು ದುಡಿದವನು ನಾನು. ಷೋಕಿ ಯಾವುದು, ದುಡಿಮೆ ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಗಿರಾಕಿಗಳಿಗೆ ಚಾವಣಿಯ ಕಥೆಯನ್ನೇ ಹೇಳುತ್ತ ಬಂದೆ.

ಅವಳ ಜೊತೆ ಇನ್ನೂ ಆರು ಹುಡುಗಿಯರು ಕಲಿಯತೊಡಗಿದರು. ಸಾರ್ವಜನಿಕ ಕ್ರೀಡಾಂಗಣದಲ್ಲಿ ಜಾಗ ಕೇಳಿದರೆ, ‘ಇದು ಪಟ್ಟಿಯಲ್ಲಿಲ್ಲ’ ಎಂದರು. ಪಟ್ಟಿಗೆ ಸೇರಿಸಿ ಎಂದು ತಮಗೆ ಅರ್ಜಿ ಹಾಕಿದೆವು. ‘ಸಭ್ಯ ಉಡುಪಿನಲ್ಲಿ, ಕೈಕಾಲು ಪೂರ್ತಿ ಮುಚ್ಚಿ’ ಪ್ರದರ್ಶನ ನೀಡತಕ್ಕದ್ದು ಎಂಬ ಷರತ್ತಿನ ಪತ್ರ ಬಂತು. ಮಗಳು ಅದನ್ನು ಓದಿ ನಕ್ಕಳು. “ಬಟ್ಟೆ ಜಾರುತ್ತೆ ಅಪ್ಪ. ಕಂಬ ಹಿಡಿಯೋದೇ ಚರ್ಮ. ಅದಕ್ಕೇ ಅಲ್ವಾ ಚಡ್ಡಿ ಹಾಕೋದು!”

ಅಧ್ಯಕ್ಷರೇ, ತಮ್ಮ ಕಚೇರಿಯ ಹಜಾರದಲ್ಲಿ ಪದಕ ಗೆದ್ದವರ ಚಿತ್ರಗಳಿವೆ. ಈಜುವವರು, ಓಡುವವರು, ಜಿಮ್ನಾಸ್ಟಿಕ್ಸ್ ಮಾಡುವವರು. ಅವರಲ್ಲಿ ಒಬ್ಬರಿಗೂ ಉದ್ದ ತೋಳು ಕಾಣಲಿಲ್ಲ. ಅವರ ಮೈ ಕ್ರೀಡೆಯ ಮೈ, ನನ್ನ ಮಗಳದ್ದು ಮಾತ್ರ ಅಸಭ್ಯ ಮೈ, ಅಲ್ಲವೇ? ಈಜುಗಾರ್ತಿಗೆ ಕಂಬಳಿ ಹೊದಿಸಿ ನೀರಿಗಿಳಿಸಿ, ಮುಳುಗಿದ ಮೇಲೆ ‘ಈಜು ಅಪಾಯಕಾರಿ’ ಎಂದು ಬರೆಯುತ್ತೀರಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ತಾವು ನಗಬಹುದು. ನೆಲ ನಿಜಕ್ಕೂ ಡೊಂಕಾಗಿದ್ದಾಗ ಅದನ್ನು ಯಾರಿಗೆ ಹೇಳಬೇಕು?

ಪ್ರದರ್ಶನದ ದಿನ ಮಧ್ಯಾಹ್ನ ತಾವು ಮೂವರು ಮೇಜಿನ ಹಿಂದೆ ಕೂತಿದ್ದಿರಿ. ಚಹಾ ಬಂದಿತ್ತು. ಮಗಳು ಒಂಬತ್ತಡಿ ಎತ್ತರದಲ್ಲಿ ಮೊಣಕಾಲು ಸುತ್ತಿ ಕೈ ಬಿಟ್ಟಳು. ಪ್ಯಾಂಟಿನ ಬಟ್ಟೆ ಪೈಪಿನ ಮೇಲೆ ಸರ್ರನೆ ಜಾರಿದ ಸದ್ದು ನನಗೆ ಕೇಳಿಸಿತು. ಬಲ ಭುಜದ ಮೇಲೆ ಬಿದ್ದಳು. ಈಗ ಆ ಕೈ ಕಿವಿಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಮತ್ತೆ ಮೈಭಾರ ಹೊರುವ ಆಸೆ ಬಿಡಿ ಎಂದಿದ್ದಾರೆ ಡಾಕ್ಟರು.

ಭುಜಕ್ಕಿಂತ ಅವಳನ್ನು ಹೆಚ್ಚು ನೋಯಿಸಿದ್ದು ತಮ್ಮ ವರದಿ. “ನಾನು ಬಿದ್ದಿದ್ದನ್ನೇ ತೋರಿಸಿ ಇನ್ಮೇಲೆ ಎಲ್ಲರಿಗೂ ಇಲ್ಲ ಅಂತಾರಲ್ಲ ಅಪ್ಪ. ಆ ಆರು ಜನಕ್ಕೆ ನಾನೇ ಬಾಗಿಲು ಹಾಕ್ಬಿಟ್ಟೆ” ಎನ್ನುತ್ತಾಳೆ. ತಿದ್ದುಪಡಿ ಕೋರಿ ಮೂರು ಸಲ ತಮ್ಮ ಕಚೇರಿಗೆ ಬಂದೆ. “ಅಂತಿಮ ವರದಿ ಅಂದ್ಮೇಲೆ ಅಂತಿಮ, ಯಜಮಾನ್ರೇ. ಸುಮ್ನೆ ಯಾಕೆ ಓಡಾಡ್ತೀರಾ?” ಎಂದರು ಗುಮಾಸ್ತರು, ಪಾಪ, ಮೆತ್ತಗೆ. ಕೂಗಾಡೋಣ ಅನಿಸಿತು. ಬಡವನ ಕೋಪ ದವಡೆಗೆ ಮೂಲ ಎಂದು ಮೆಟ್ಟಿಲಿಳಿದೆ.

ಹೋದ ವಾರ ಹೊಸ ಗಿರಾಕಿಯೊಬ್ಬರು ಕಂಬ ನೋಡಿ, “ಚಾವಣಿ ಬಾಗಿದೆಯಾ?” ಎಂದರು. ಐದು ವರ್ಷದಲ್ಲಿ ಮೊದಲ ಸಲ ನನ್ನ ಬಾಯಿಂದ ನಿಜ ಬಂತು. “ಇಲ್ಲ ಸಾರ್, ನನ್ನ ಮಗಳ ಆಟದ ಕಂಬ ಅದು.” ಒಳಗಿದ್ದ ಮಗಳಿಗೆ ಕೇಳಿಸಿತು. ಹೊರಗೆ ಬಂದು, “ಬಿಚ್ಚಿಬಿಡು ಅಪ್ಪ ಅದನ್ನ, ಜಾಗನಾದ್ರೂ ಆಗುತ್ತೆ” ಅಂದಳು.

ಮಾನ್ಯತೆ ಕೊಡಿ ಎಂದು ಕೇಳುವ ಕಸುವು ನನ್ನಲ್ಲಿ ಉಳಿದಿಲ್ಲ. ವರದಿಗೆ ಒಂದೇ ಒಂದು ಸಾಲು ಸೇರಿಸಿ: ‘ಅಭ್ಯರ್ಥಿಯು ಸಮಿತಿಯ ಸೂಚನೆಯಂತೆ ಕೈಕಾಲು ಮುಚ್ಚುವ ಉಡುಪು ಧರಿಸಿದ್ದರು.’ ತಪ್ಪಾಯಿತು ಎಂದೂ ಬರೆಯಬೇಡಿ. ಅವಳು ಓದಿಕೊಳ್ಳಲಿ, ಅಷ್ಟೇ. ಬೇಕಿದ್ದರೆ ನನ್ನ ತಪ್ಪನ್ನೂ ಕೆಳಗೆ ಸೇರಿಸಿ. ಬಟ್ಟೆ ಸುತ್ತಿದ ಕೈಯಲ್ಲಿ ನುಣುಪಾದ ಪೈಪು ನಿಲ್ಲುವುದಿಲ್ಲವೆಂದು ನನಗೆ ಮೂವತ್ತು ವರ್ಷದಿಂದ ಗೊತ್ತಿತ್ತು. ಆದರೂ ಆ ಬೆಳಿಗ್ಗೆ, “ಒಂದು ದಿನದ ಮಾತು ಕಣಮ್ಮ, ದೊಡ್ಡವರು ಹೇಳಿದ ಹಾಗೆ ಕೇಳು” ಎಂದವನು ನಾನೇ.

ಇಂತಿ,
ಕಂಬ ನಿಲ್ಲಿಸಿಕೊಟ್ಟ, ಆ ಪ್ಯಾಂಟನ್ನೂ ತಾನೇ ಹೋಗಿ ಕೊಂಡುತಂದ
ಒಬ್ಬ ಅಪ್ಪ