ನಿನ್ನ ದನಿಯಲ್ಲಿ

ಗುರುವಾರ, ರಾತ್ರಿ
ಕಣ್ಣಾಸ್ಪತ್ರೆ, ಮೂರನೆಯ ಮಹಡಿ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನ್ನ ಅಮ್ಮನಿಗೆ,

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅಜ್ಜಿಯ ಸುದ್ದಿ ಎತ್ತಿದ ಕೂಡಲೇ, ಒಲೆ ಮೇಲೆ ಏನೋ ಇಟ್ಟಿದ್ದೀನಿ ಎಂದು ನೀನು ಫೋನ್ ಇಟ್ಟುಬಿಡುತ್ತೀಯ. ಅಜ್ಜ ಹೋದಂದಿನಿಂದ ನಿನ್ನ ಒಲೆ ಆರಿಯೇ ಇಲ್ಲ. ಅದಕ್ಕೇ ಈ ಕಾಗದ. ಇಲ್ಲಿ ಅಜ್ಜಿ ಮನೆಯ ಎದುರಿನ ಟೈಲರ್ ಮಾಮ ನಾಳೆ ನಿನ್ನ ಊರಿಗೆ ಬರುತ್ತಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಅರ್ಧಕ್ಕೆ ಮಡಚಿಡಬೇಡ, ಪೂರ್ತಿ ಓದು.

ಗಾಬರಿಯಾಗುವಂಥದ್ದೇನಿಲ್ಲ. ಅಜ್ಜಿಯ ಆಪರೇಷನ್ ಚೆನ್ನಾಗಿ ಆಯಿತು. ಬಲಗಣ್ಣು ಎಂದೋ ಹೋಗಿದ್ದು ನಿನಗೆ ಗೊತ್ತೇ ಇದೆ, ಇವತ್ತು ಮಾಡಿದ್ದು ಎಡಗಣ್ಣಿಗೆ. ಭಾನುವಾರ ಬೆಳಿಗ್ಗೆ ಪಟ್ಟಿ ಬಿಚ್ಚುತ್ತಾರೆ. ಅಲ್ಲಿಯವರೆಗೆ ಅವಳಿಗೆ ಏನೂ ಕಾಣುವುದಿಲ್ಲ.

ಬೆಳಿಗ್ಗೆ ಅವಳ ಬಾಯಿ ಎಂದಿನಂತೆ ಜೋರಾಗಿಯೇ ಇತ್ತು. ಟೆಲಿಫೋನ್ ಎಕ್ಸ್‌ಚೇಂಜ್ ಬಿಟ್ಟು ಎಷ್ಟು ವರ್ಷವಾದರೂ ಅವಳೊಳಗಿನ ಆಪರೇಟರ್ ನಿವೃತ್ತಳಾಗಿಲ್ಲ. ಕೌಂಟರಿನ ಹುಡುಗಿ ಯಾರಿಗೋ ಫೋನಿನಲ್ಲಿ ಸಿಡುಕಿದ್ದು ಕೇಳಿ, ಫೋನಲ್ಲಿ ನಗ್ತಾ ಮಾತಾಡ್ಬೇಕಮ್ಮ, ಆ ಕಡೆಯೋರಿಗೆ ಗೊತ್ತಾಗುತ್ತೆ ಎಂದು ಬುದ್ಧಿ ಹೇಳಿದಳು. ಬೆಳಿಗ್ಗೆಯಿಂದ ತಿಂಡೀನೇ ತಿಂದಿಲ್ಲ ಅಜ್ಜಿ, ನಗು ಎಲ್ಲಿಂದ ತರ್ಲಿ ಅಂದಳು ಆ ಹುಡುಗಿ. ಆಮೇಲೆ ನಿಜವಾಗಿಯೂ ನಕ್ಕಳು.

ಅಜ್ಜಿಯನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾನೊಬ್ಬಳೇ. ಉದ್ದನೆಯ ಕಾರಿಡಾರಿನಲ್ಲಿ ಉಳಿದವರೆಲ್ಲ ಮನೆಮಂದಿಯ ಜೊತೆ ಕೂತಿದ್ದರು, ಒಬ್ಬರ ಹೆಗಲಿಗೆ ಒಬ್ಬರು ಒರಗಿಕೊಂಡು ತೂಕಡಿಸುತ್ತಿದ್ದರು. ಪಕ್ಕದ ಹೆಂಗಸು ನಿಮ್ಮೋರು ಯಾರೂ ಬಂದಿಲ್ವಾ ಅಂದರು. ದಾರೀಲಿದ್ದಾರೆ ಅಂದೆ. ಆ ಸುಳ್ಳಿಗೆ ಒಪ್ಪುವಂತೆ ಪಕ್ಕದ ಕುರ್ಚಿಯ ಮೇಲೆ ನನ್ನ ಬ್ಯಾಗಿಟ್ಟು ಜಾಗ ಹಿಡಿದೆ. ಜನ ತುಂಬಿದಾಗ ಒಬ್ಬರು ತಾತ ಬಂದು ಕೇಳಿದರು, ಬ್ಯಾಗ್ ತೆಗೆದೆ. ನನಗೆ ತುಂಬ ಒಂಟಿ ಅನ್ನಿಸಿತು ಅಮ್ಮ. ಇದನ್ನು ನಿನ್ನನ್ನು ಚುಚ್ಚಲು ಬರೆಯುತ್ತಿಲ್ಲ. ಸ್ವಲ್ಪ ಚುಚ್ಚಲಿ ಅಂತಲೂ ಇದೆ.

ಮಧ್ಯಾಹ್ನ ವಾರ್ಡಿಗೆ ತಂದರು. ಅವಳಿನ್ನೂ ಅರೆನಿದ್ದೆಯಲ್ಲಿದ್ದಳು. ತುಟಿ ಒಣಗಿತ್ತು. ಬಗ್ಗಿ, ನೀರು ಬೇಕಾ ಎಂದು ಕೇಳಿದೆ. ಅಷ್ಟೇ ನಾನು ಹೇಳಿದ್ದು. ಅವಳು ಗಾಳಿಯಲ್ಲಿ ಕೈಯಾಡಿಸಿ ನನ್ನ ಮುಂಗೈ ಹಿಡಿದು, ಗುಬ್ಬಿ, ಬಂದ್ಯಾ ಅಂದಳು.

ಗುಬ್ಬಿ ನೀನು. ನಮ್ಮಿಬ್ಬರ ದನಿ ಒಂದೇ ಎಂದು ಯಾರು ಹೇಳಿಲ್ಲ? ನಿನ್ನ ಆಫೀಸಿನವರು ಫೋನಿನಲ್ಲಿ ನೀನೇ ಅಂದುಕೊಂಡು ನನ್ನ ಹತ್ತಿರ ರಜೆ ಕೇಳಿದ್ದುಂಟು. ಆದರೆ ಒಂದು ಹಲೋ ಕೇಳಿದರೆ ಸಾಕು, ಯಾರಂತ ಹೇಳ್ತೀನಿ ಎಂದು ಜಂಬ ಪಡುವವಳು ಅಜ್ಜಿ. ಅವಳೇ ಮೋಸಹೋದಳು. ನಾನು ಅಲ್ಲ ಅನ್ನಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ಅವಳು ಮಾತು ಶುರು ಮಾಡಿಯಾಗಿತ್ತು.

ಅಜ್ಜ ಹೋದಾಗ ನೀನು ಬೆನ್ನಿನ ಆಪರೇಷನ್ ಆಗಿ ಮಲಗಿದ್ದೆ. ನೀನು ಏಳುವವರೆಗೂ ವಿಷಯ ಮುಚ್ಚಿಟ್ಟರು, ಅಪ್ಪನ ಮುಖ ಕಡೇ ಸಲ ನೋಡುವುದಕ್ಕೂ ನಿನಗೆ ಸಿಗಲಿಲ್ಲ. ನಿನ್ನ ಒಳ್ಳೆಯದಕ್ಕೇ ಹೇಳಲಿಲ್ಲ ಎಂದು ಅಜ್ಜಿ ಇಷ್ಟು ದಿನ ಸಾಧಿಸಿದ್ದಳಲ್ಲ, ಅದು ನಿಜವಲ್ಲವಂತೆ. ಊರಿನೋರ ಸಾವಿನ ಸುದ್ದಿಗೆಲ್ಲ ಲೈನ್ ಕೊಟ್ಟೋಳು ಕಣೆ ನಾನು, ಕೈ ನಡುಗಿದ್ದಿಲ್ಲ ಅಂದಳು. ನಿನಗೆ ಅಂತ ಫೋನ್ ಎತ್ತಿದ್ರೆ ಬಾಯೇ ಬರ್ಲಿಲ್ಲ, ಇಟ್ಟೆ. ಮತ್ತೆ ಎತ್ತಿದೆ, ಮತ್ತೆ ಇಟ್ಟೆ. ನಿನಗೆ ಹೇಳಿಬಿಟ್ರೆ ಅವ್ರು ನಿಜವಾಗ್ಲೂ ಹೋದ ಹಾಗೆ ಆಗುತ್ತೆ ಅನ್ನಿಸ್ತು. ಹೆದರಿದ್ದು ನಾನು, ನಿನ್ನ ಬೆನ್ನಿನ ಮೇಲೆ ಹಾಕ್ದೆ ಅಂದಳು. ಪಟ್ಟಿಯ ಕೆಳಗಿನಿಂದ ನೀರು ಇಳಿಯುತ್ತಿತ್ತು. ಅಳಬಾರದು ಎಂದು ಡಾಕ್ಟರ್ ಹೇಳಿದ್ದರು.

ಇನ್ನೂ ಕೋಪಾನಾ ಎಂದು ಕೇಳಿದಳು.

ಇಲ್ಲಮ್ಮ ಅಂದೆ. ಅಜ್ಜಿ ಅನ್ನಲಿಲ್ಲ, ಅಮ್ಮ ಅಂದೆ.

ಇಬ್ಬರು ಮಾತಾಡುವ ಲೈನಿನಲ್ಲಿ ಆಪರೇಟರ್ ಬಾಯಿ ಹಾಕಬಾರದು, ಹಾಕಿದರೆ ಕೆಲಸದಿಂದಲೇ ತೆಗೆಯುತ್ತಿದ್ದರು ಎಂದು ಚಿಕ್ಕಂದಿನಿಂದ ಅವಳ ಬಾಯಲ್ಲಿ ಕೇಳಿ ಬೆಳೆದವಳು ನಾನು. ಅದನ್ನೇ ಮಾಡಿದೆ. ನಿನ್ನ ಕ್ಷಮೆಯನ್ನು ನಿನ್ನನ್ನು ಕೇಳದೆ ಕೊಟ್ಟುಬಿಟ್ಟೆ. ಅವಳು ನನ್ನ ಕೈಯನ್ನು ಎದೆಯ ಮೇಲಿಟ್ಟುಕೊಂಡು, ಪಟ್ಟಿ ಬಿಚ್ಚಿದಾಗ ಮೊದಲು ನಿನ್ನ ಮುಖಾನೇ ನೋಡ್ಬೇಕು, ಎಲ್ಲೂ ಹೋಗಬೇಡ ಅಂದಳು. ಹೂಂ ಅಂದೆ. ಮತ್ತಿನ್ನೇನು ಅನ್ನಲಿ?

ಅದಕ್ಕೇ ಭಾನುವಾರ ಬಾ. ಮೊದಲ ಬಸ್ಸಿಗೆ ಹೊರಟರೆ ಸಾಕು. ಕ್ಷಮಿಸಿಬಿಡು ಎಂದು ನಾನು ಹೇಳುವುದಿಲ್ಲ, ಅದು ನನ್ನ ಕೈಯಲ್ಲಿಲ್ಲ ಎಂದು ಈಗ ಗೊತ್ತಾಗಿದೆ. ಬೈಯುವುದಿದ್ದರೆ ಬಂದು ಬೈಯಿ. ಆದರೆ ನೀನೇ ಬೈಯಿ. ಬರಲಿಲ್ಲವೋ, ಆ ಕಣ್ಣು ಬಿಟ್ಟಾಗ ಎದುರಿಗೆ ನಾನಿರುತ್ತೇನೆ. ಆಗ ಅವಳ ಮುಖ ಹೇಗಾಗುತ್ತದೆ ಎಂದು ನೆನೆದರೇ ನನಗೆ ಭಯವಾಗುತ್ತದೆ.

ನಿನ್ನ ದಾರಿ ನೋಡುತ್ತಿರುವ,
ಮಗಳು

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಅಂದುಕೊಂಡಿದ್ದೆ. ಸಂಜೆ ಅವಳು, ನಿನ್ನ ಮಗಳೆಲ್ಲಿ, ಸುಳಿವೇ ಇಲ್ಲ ಅಂದಳು. ಮಾತ್ರೆ ತರೋಕೆ ಕೆಳಗೆ ಹೋಗಿದ್ದಾಳೆ ಅಂದೆ. ಅಲ್ಲಿಗೆ ಬಿಡಬೇಕಿತ್ತು. ಎಂದಾದರೂ ಒಂದು ಹೊಗಳಿಕೆ ಕೇಳೋಣ ಎಂಬ ಆಸೆ ನೋಡು, ನಿನ್ನ ದನಿಯಲ್ಲಿ ನಾನೇ ಕೇಳಿದೆ, ಚೆನ್ನಾಗಿ ನೋಡ್ಕೋತಾಳಾ ಅಂತ. ಬಂಗಾರದಂಥ ಹುಡುಗಿ ಕಣೆ ಅಂದಳು. ಆಮೇಲೆ, ಆದ್ರೆ ಅವಳು ಪಕ್ಕದ ರೂಮಿಂದ ಕೂಗಿದಾಗಲೆಲ್ಲ ನೀನೇ ಬಂದೆ ಅಂತ ಎದ್ದು ಕೂರ್ತೀನಿ, ಒಳಗೆ ಬಂದ್ರೆ ಅವಳೇ, ನೀನಲ್ಲ ಅಂದಳು. ಆಗಿನಿಂದ ಅವಳೆದುರು ನಾನು ಬಾಯಿ ತೆರೆದಿಲ್ಲ. ನೀರು ಬೇಕಾ ಎಂದು ಕೇಳುವುದಕ್ಕೂ ನರ್ಸನ್ನು ಕರೆಯುತ್ತಿದ್ದೇನೆ.