ಎಂಟನೆಯ ಕಾರ್ಡ್

ಮಾರ್ಚ್ 4, ಮಂಗಳವಾರ

ಆರೂ ಮುಕ್ಕಾಲಿಗೆ ಗಾಲ್ಫ್ ಕೋರ್ಸಿನಲ್ಲಿ ಮೊದಲ ಹೊಡೆತ. ಹುಲ್ಲೆಲ್ಲ ಇಬ್ಬನಿ, ಸಾಕ್ಸ್ ಒದ್ದೆ. ನಮ್ಮ ಹೆಂಗಸರ ಗುಂಪಿನ ಎಂಟೂ ಜನ ಬಂದಿದ್ದೆವು. ಹೊಲಿಗೆ ಅಂಗಡಿಯವಳು, ನಮ್ಮ ಬಾಯಲ್ಲಿ ಟೈಲರ್, ಹತ್ತು ನಿಮಿಷ ಲೇಟ್, ಯಥಾಪ್ರಕಾರ. ಗಾಳಿ ಅಂತ ನಾವು ಕರೆಯುವವಳು ಮೂರು ಸಲ ಚೆಂಡು ಬಿಟ್ಟು ಬರೀ ಗಾಳಿಗೆ ಬೀಸಿದಳು. ಆ ಹೆಸರು ಸುಮ್ಮನೆ ಬಂದದ್ದಲ್ಲ.

ಅತ್ತಿಗೆಯ ಕಾರ್ಡ್ ಬರೆಯುವವಳು ನಾನು, ನನ್ನದನ್ನು ಬರೆಯುವವರು ಅವರು. ಗಾಲ್ಫ್‌ನಲ್ಲಿ ಹಾಗೆ. ಜೊತೆಯವರು ಹೊಡೆತ ಎಣಿಸಿ ಬರೆಯಬೇಕು, ಕೊನೆಗೆ ಇಬ್ಬರೂ ಸಹಿ ಹಾಕಬೇಕು; ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು. ಒಂಬತ್ತು ಹೋಲ್‌ನಲ್ಲಿ, ಅಂದರೆ ಚೆಂಡು ಬೀಳಿಸುವ ಕುಳಿಗಳಲ್ಲಿ, ಐದನೆಯದು ಕೆರೆ ದಾಟಿಸಬೇಕಾದ್ದು. ಅವರ ಚೆಂಡು ಮತ್ತೆ ನೀರಿಗೆ. ಎಂಟು ಎಂದು ಬರೆದೆ.

"ಒಂಬತ್ತು ಕಣೇ," ಅಂದರು. "ಪೊದೆ ಹತ್ರ ಒಂದ್ಸಲ ತಾಗಿಸ್ದೆ. ನೀನು ನೋಡ್ಲಿಲ್ಲ."

"ನಾನು ನೋಡದೇ ಇದ್ದಿದ್ದನ್ನ ಯಾಕೆ ಹೇಳ್ತೀರಿ?"

"ನಾನು ನೋಡಿದ್ನಲ್ಲ."

ಮೂವತ್ತೆರಡು ವರ್ಷ ಗಣಿತ ಟೀಚರ್. ಏನು ಹೇಳೋಣ.

ಕ್ಲಬ್ ಸೆಕ್ರೆಟರಿ ನೋಟಿಸ್ ಅಂಟಿಸಿದ್ದಾರೆ. ಏಪ್ರಿಲ್ ಮುಗಿಯುವವರೆಗೆ ಪ್ರತಿ ಮಂಗಳವಾರ ಪೆಟ್ಟಿಗೆಯಲ್ಲಿ ಹೆಂಗಸರ ಎಂಟು ಕಾರ್ಡ್ ಬೀಳಬೇಕು. ಒಂದು ವಾರ ಕಡಿಮೆಯಾದರೂ ಮಂಗಳವಾರದ ಬೆಳಿಗ್ಗೆ ಕಂಪನಿ ಟೀಮ್‌ಗಳಿಗೆ. ನಾವಿರುವುದೇ ಎಂಟು ಜನ. ಇನ್ನು ಯಾರಿಗೂ ನೆಗಡಿ ಕೂಡ ಬರುವಂತಿಲ್ಲ.

ಮಾರ್ಚ್ 6

ಹೊಸಬರನ್ನು ಹುಡುಕಲು ಹೊರಟೆ. ನಲವತ್ತು ಪಾಂಪ್ಲೆಟ್ ಹಂಚಿದೆ — ಕ್ಲಿನಿಕ್, ಲೈಬ್ರರಿ, ಎದುರಿನ ಫ್ಲಾಟ್‌ಗಳು. "ನಡೆಯಿರಿ, ನಗಿರಿ, ಎಪ್ಪತ್ತಾದರೂ ಆಡಿರಿ" ಅಂತ ಬರೆದಿದ್ದೆ. ಒಬ್ಬಳು "ಅದು ಗಂಡಸರ ಆಟ ಅಲ್ವಾ?" ಅಂದಳು. ಇನ್ನೊಬ್ಬಳು "ನಮಗೆಲ್ಲಿ ಟೈಮು" ಎಂದು ಅದೇ ಪಾಂಪ್ಲೆಟ್‌ನಲ್ಲಿ ಗಾಳಿ ಬೀಸಿಕೊಂಡಳು. ಒಬ್ಬರೂ ಬರುವುದಿಲ್ಲ, ಬರೆದಿಟ್ಟುಕೊಳ್ಳಬಹುದು. ಬರೆದಿದ್ದೇನೆ.

ಮಾರ್ಚ್ 9, ಭಾನುವಾರ

ಬೆಳಗಿನ ಜಾವ ಅತ್ತಿಗೆ ಬಚ್ಚಲಲ್ಲಿ ಬಿದ್ದರು. ಸೊಂಟದ ಮೂಳೆ. ಮಧ್ಯಾಹ್ನವೇ ಆಪರೇಷನ್ ಆಯಿತು, ರಾಡ್ ಹಾಕಿದ್ದಾರೆ. ಎಚ್ಚರವಾದ ಮೇಲೆ ಕೇಳಿದ ಮೊದಲ ಮಾತು: "ಮಂಗಳವಾರ ಏನ್ ಮಾಡ್ತೀರಿ?"

"ಅದನ್ನ ನಾನು ನೋಡ್ಕೋತೀನಿ" ಅಂದೆ.

ಮಾರ್ಚ್ 11, ಮಂಗಳವಾರ

ಏಳು ಜನ. ಆಟ ಮುಗಿದ ಮೇಲೆ ಕಾರ್ಡ್‌ಗಳನ್ನು ಒಟ್ಟುಮಾಡಿ ಪೆಟ್ಟಿಗೆಗೆ ಹಾಕುವ ಕೆಲಸ ನನ್ನದು. ಉಳಿದವರು ಟೀ ಕುಡಿಯುತ್ತಿದ್ದರು. ಎಂಟನೆಯದಕ್ಕೆ ಸೆಕ್ರೆಟರಿ ಹತ್ತಿರ ಮಾತಾಡಿದ್ದೇನೆ ಅಂತ ಅವರಿಗೆ ಹೇಳಿದ್ದೆ. ಡ್ರೆಸ್ಸಿಂಗ್ ರೂಮಿನ ಬೆಂಚಿನ ಮೇಲೆ ಕೂತು ಎಂಟನೆಯದನ್ನು ನಾನೇ ಬರೆದೆ. ಅತ್ತಿಗೆಯ ಹೆಸರು, ಒಂಬತ್ತು ಹೋಲ್, ಸಹಿ. ಸಹಿ ಚೆನ್ನಾಗಿಯೇ ಬಂತು. ಪೋಸ್ಟ್ ಆಫೀಸ್ ಕೌಂಟರಿನಲ್ಲಿ ಕೂತು ಎಷ್ಟು ಜನರ ಸಹಿ ತಾಳೆ ನೋಡಿದವಳು ನಾನು.

ಅಷ್ಟು ಸಲೀಸಾಗಿ ಬಂತು. ಅದೇ ನಾಚಿಕೆ.

ಮಾರ್ಚ್ 18, ಮಂಗಳವಾರ

ಎರಡನೆಯ ಸುಳ್ಳು ಕಾರ್ಡ್. ಹಾಕಿ ನೇರ ಅತ್ತಿಗೆಯ ಮನೆಗೆ. ವಾಕರ್ ಮಂಚದ ಪಕ್ಕ ನಿಂತಿದೆ, ಅದರ ಮೇಲೆ ಟವೆಲ್ ಒಣಗುತ್ತಿದೆ. ಫಿಸಿಯೋ ಹುಡುಗಿ ಪ್ರತಿದಿನ ಬಂದು ಎಬ್ಬಿಸಲು ನೋಡುತ್ತಾಳಂತೆ. ಇವರು ಗೋಡೆ ಕಡೆ ಮುಖ ಮಾಡಿ ಮಲಗುತ್ತಾರಂತೆ. ಅಣ್ಣನ ಮಗಳು ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು, "ಅತ್ತೆ, ನೀವಾದ್ರೂ ಹೇಳಿ" ಅಂದಳು. ಹೇಳಿದೆ. ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಅಣ್ಣ ಹೋದಾಗಲೂ ಹೀಗೇ. ಎಂಟು ತಿಂಗಳು ರೂಮು ಬಿಟ್ಟು ಬರಲಿಲ್ಲ. ಅದಕ್ಕೂ ಮುಂಚೆ ನಮ್ಮಿಬ್ಬರಿಗೆ ಆರು ವರ್ಷ ಮಾತೇ ಇರಲಿಲ್ಲ. ಅಮ್ಮನ ಕೊನೆಗಾಲದಲ್ಲಿ ಯಾರು ಎಷ್ಟು ಮಾಡಿದರು ಅಂತ ಜಗಳ. ಆ ಎಂಟು ತಿಂಗಳಾದ ಮೇಲೆ ನಾನೇ ಹಟ ಹಿಡಿದು ಕೋರ್ಸಿಗೆ ಎಳೆದುಕೊಂಡು ಹೋಗಿ ಕೈಗೆ ಗಾಲ್ಫ್ ಕೋಲು ಕೊಟ್ಟೆ. ಮೊದಲ ದಿನ ಎಪ್ಪತ್ತೆಂಟು ಹೊಡೆತ, ಒಂದೂ ಬಿಡದೆ ಎಣಿಸಿದರು. ಮೂರನೇ ಹೋಲ್‌ನಲ್ಲಿ ನಮ್ಮ ಮಾತು ಶುರುವಾಯಿತು. ಹನ್ನೊಂದು ವರ್ಷವಾಯಿತು. ನಾವು ಮಾತಾಡುವುದು ಆ ಹುಲ್ಲಿನ ಮೇಲೆ ಮಾತ್ರ ಅಂತ ಇವತ್ತು ಹೊಳೆಯಿತು. ವಾಕರ್ ಮೇಲಿನ ಟವೆಲ್ ಮಡಿಸಿಟ್ಟು ಎದ್ದು ಬಂದೆ.

ಮಾರ್ಚ್ 25, ಮಂಗಳವಾರ

ಮೂರನೆಯದು. ಕೆರೆ ಹೋಲ್‌ಗೆ ಐದು ಹಾಕಿದೆ. ಒಂದು ಸಲವಾದರೂ ಅವರ ಚೆಂಡು ನೀರು ದಾಟಲಿ ಅನ್ನಿಸಿತು. ಬರೆಯುವಾಗ ಆ ಹೊಡೆತ ಕಣ್ಣಿಗೆ ಕಂಡಿತು, ನಿಜವಾಗಿಯೂ. ಹುಚ್ಚು ನನಗೆ.

ಮಾರ್ಚ್ 30, ಭಾನುವಾರ

ಕೆಟ್ಟೆ.

ತಿಂಗಳ ಬೆಸ್ಟ್ ಕಾರ್ಡ್ ಅತ್ತಿಗೆಯದು. ಒಂದೊಂದೇ ಹೋಲ್‌ಗೆ ಪ್ರೀತಿಯಿಂದ ಅಂಕಿ ಹಾಕಿದ ದಡ್ಡಿ ನಾನು, ಒಟ್ಟು ಕೂಡಿಸಿ ನೋಡಲಿಲ್ಲ. ಅವರಿಗೆ ಹ್ಯಾಂಡಿಕ್ಯಾಪ್ ಜಾಸ್ತಿ. ಆಟ ಬಾರದವರಿಗೆ ಸಿಗುವ ರಿಯಾಯಿತಿ ಅದು, ಒಟ್ಟಿನಿಂದ ಅಷ್ಟನ್ನೂ ಕಳೆಯುತ್ತಾರೆ. ಕಳೆದರೆ ನಮ್ಮೆಲ್ಲರಿಗಿಂತ ಕಡಿಮೆ. ಗೆದ್ದೇಬಿಟ್ಟರು.

ಗಾಳಿ ಮತ್ತು ಟೈಲರ್ ನನಗೊಂದು ಮಾತೂ ಹೇಳದೆ ಕಪ್ ತೆಗೆದುಕೊಂಡು ಅತ್ತಿಗೆಯ ಮನೆಗೆ ಹೋಗಿದ್ದಾರೆ. ಖುಷಿಪಡಿಸೋಣ ಅಂತ. ನಾನು ಹೋಗುವಷ್ಟರಲ್ಲಿ ಕಪ್ ದಿಂಬಿನ ಪಕ್ಕ ಇತ್ತು, ಕಾರ್ಡ್ ಅತ್ತಿಗೆಯ ಕೈಯಲ್ಲಿತ್ತು, ಕನ್ನಡಕ ಮೂಗಿನ ಮೇಲಿತ್ತು.

"ಬೀಳೋದಕ್ಕೆ ಮುಂಚೆ ನಾಲ್ಕನೇ ತಾರೀಕು ಆಡಿದ್ರಲ್ಲ, ಅದೇ ಇರ್ಬೇಕು," ಎನ್ನುತ್ತಿದ್ದಳು ಗಾಳಿ.

"ನಾಲ್ಕನೇ ತಾರೀಕು ಅರವತ್ತೊಂದು ಹೊಡೆದಿದ್ದೆ," ಅಂದರು ಅತ್ತಿಗೆ. "ಇದರಲ್ಲಿ ಐವತ್ತನಾಲ್ಕಿದೆ. ತಾರೀಕು ಇಪ್ಪತ್ತೈದು ಅಂತಿದೆ."

ಟೈಲರ್ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಗಾಳಿಗೆ ಸ್ವಲ್ಪ ತಡವಾಗಿ ಅರ್ಥವಾಯಿತು. ಇಬ್ಬರೂ ಎದ್ದು ಹೋದರು.

"ಕೆರೆ ಹೋಲ್ ಐದರಲ್ಲಿ ಮುಗಿಸಿದ್ನಾ?" ಅತ್ತಿಗೆ ಕೇಳಿದರು.

"ನೀವು ಎದ್ದು ಬರೋವರೆಗೂ ನಿಮ್ಮ ಜಾಗ ಉಳೀಲಿ ಅಂತ ಬರೆದೆ ಅತ್ತಿಗೆ. ಮಂಗಳವಾರಾನೇ ಹೋದ್ರೆ ನೀವು ಎದ್ದು ಎಲ್ಲಿಗೆ ಬರ್ತೀರಿ?"

"ನಾನು ಏಳ್ತೀನಿ ಅಂತ ನಿನಗೆ ನಂಬಿಕೆ ಇದ್ದಿದ್ರೆ, ನನ್ನ ಹೆಸರಲ್ಲಿ ನೀನ್ಯಾಕೆ ಆಡ್ತಿದ್ದೆ?"

ಅವರ ಕೈಯಿಂದ ಕಾರ್ಡ್ ತೆಗೆದು ಕಪ್ಪಿನೊಳಗಿಟ್ಟು ಎದ್ದು ಬಂದೆ.

ಏಪ್ರಿಲ್ 1, ಮಂಗಳವಾರ. ಬೆಳಿಗ್ಗೆ 10

ಗಾಳಿ, ಟೈಲರ್ ಉಳಿದವರಿಗೆಲ್ಲ ಹೇಳಿದ್ದರು; ಇವತ್ತು ಯಾರೂ ಆಡಲಿಲ್ಲ. ಅತ್ತಿಗೆ ನನ್ನನ್ನು ಕರೆಸಿಕೊಂಡು, ನನ್ನೆದುರಿಗೇ ಸೆಕ್ರೆಟರಿಗೆ ಫೋನ್ ಮಾಡಿದರು. "ಕಪ್ ವಾಪಸ್ ಕಳಿಸ್ತಿದ್ದೀನಿ. ಆ ಕಾರ್ಡ್ ನಾನು ಆಡಿದ್ದಲ್ಲ, ಮಾರ್ಚ್ ಒಂಬತ್ತರಿಂದ ಹಾಸಿಗೆ ಹಿಡಿದಿದ್ದೀನಿ. ಯಾರು ಬರೆದ್ರು ಅನ್ನೋದನ್ನ ಅವಳೇ ಹೇಳ್ತಾಳೆ." ಫೋನ್ ನನ್ನ ಕೈಗೆ ಕೊಟ್ಟರು.

ಹೇಳಿದೆ. ಮೂರು ಕಾರ್ಡ್ ಎಂದೂ ಹೇಳಿದೆ.

ಸೆಕ್ರೆಟರಿ ಒಳ್ಳೆಯ ಮನುಷ್ಯ. ಬೈಯಲಿಲ್ಲ. "ನೀವು ಹೇಳದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ ಮೇಡಂ. ಈಗ ಗೊತ್ತಾಯ್ತಲ್ಲ" ಅಂದರು. ಬೈದಿದ್ದರೆ ವಾಸಿಯಿತ್ತು.

ಮಂಗಳವಾರ ಹೋಯಿತು. ನನ್ನ ಮೆಂಬರ್‌ಶಿಪ್ ಕೂಡ. ಫೋನ್ ಇಟ್ಟ ಮೇಲೆ ಅತ್ತಿಗೆ ಗೋಡೆ ಕಡೆ ತಿರುಗಿದರು. ಇಷ್ಟೊಂದು ಸತ್ಯ ಯಾರಿಗೆ ಬೇಕಿತ್ತು? ಕೋಪ ಬರುತ್ತಿದೆ. ಅವರ ಮೇಲೋ ನನ್ನ ಮೇಲೋ ಗೊತ್ತಾಗುತ್ತಿಲ್ಲ.

ಏಪ್ರಿಲ್ 8, ಮಂಗಳವಾರ

ಪಾರ್ಕಿನಲ್ಲಿ ಸೇರೋಣ, ನಡೆಯೋಣ, ಅಷ್ಟಾದರೂ ಮಾಡೋಣ ಅಂತ ಎಲ್ಲರಿಗೂ ಮೆಸೇಜ್ ಹಾಕಿದ್ದೆ. ಮೂವರು ಬಂದರು. ಟೈಲರ್ ಕೈಯಲ್ಲಿ ಕೋಲಿಲ್ಲದೆ ನಡೆಯುವುದು ಹೇಗೆಂದು ಗೊತ್ತಿಲ್ಲದವಳಂತೆ ಎರಡೂ ಕೈ ಕಟ್ಟಿಕೊಂಡಿದ್ದಳು. ಎರಡು ಸುತ್ತು ಹಾಕಿದೆವು. "ಇನ್ನು ಅಂಗಡಿ ಬೇಗ ತೆಗೀತೀನಿ ಕಣೇ, ಸುಮ್ನೆ ಯಾಕೆ" ಅಂದಳು.

ಏಪ್ರಿಲ್ 22, ಮಂಗಳವಾರ

ಹೋದ ವಾರ ಪಾರ್ಕಿಗೆ ಗಾಳಿಯೊಬ್ಬಳೇ ಬಂದಿದ್ದಳು. ಇವತ್ತು ನಾನೊಬ್ಬಳೇ. ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಎದ್ದೆ.

ಮೂಳೆ ಡಾಕ್ಟರು ನಿನ್ನೆ ಬಂದಿದ್ದರಂತೆ. ಮೂಳೆ ಕೂಡಿದೆ, ತೊಡೆಯ ಸ್ನಾಯು ಕರಗುತ್ತಿದೆ. "ಇನ್ನು ಹದಿನೈದು ದಿನದಲ್ಲಿ ಎದ್ದು ಓಡಾಡದಿದ್ರೆ ಆಮೇಲೆ ವೀಲ್‌ಚೇರೇ ಗತಿ" ಅಂದರಂತೆ.

ಬ್ಯಾಗಿನ ತಳದಲ್ಲಿ ಒಂದು ಖಾಲಿ ಕಾರ್ಡ್ ಇತ್ತು. ತೆಗೆದುಕೊಂಡು ಹೋದೆ.

"ಅತ್ತಿಗೆ, ಮಂಚದಿಂದ ಬಾಗಿಲವರೆಗೆ. ನಾನು ಬಂದ ದಿನ ಒಂದೊಂದು ಹೋಲ್. ಎಷ್ಟು ಹೆಜ್ಜೆಯೋ ಅಷ್ಟು ಬರೀತೀನಿ."

"ಇದೇನು ಮಕ್ಕಳಾಟ." ಆದರೂ ಕೈ ಚಾಚಿದರು. ವಾಕರ್ ಹಿಡಿದು ಎದ್ದರು. ಕಾಲು ನಡುಗಿತು, ಬೆವರಿದರು. ಕೂತ ಮೇಲೆ ನಾನು ಮೂರು ಎಂದು ಬರೆಯಹೋದೆ.

"ಎರಡು. ಮೂರನೇದು ನೀನು ಎತ್ತಿಟ್ಟಿದ್ದು."

ಎರಡು ಬರೆದೆ. ಇಬ್ಬರೂ ಸಹಿ ಹಾಕಿದೆವು. ದಾರಿಯುದ್ದಕ್ಕೂ ಅಳುತ್ತ ಮನೆಗೆ ಬಂದೆ. ಯಾರು ನೋಡಿದರೋ, ನೋಡಲಿ.

ಏಪ್ರಿಲ್ 24

ನಿನ್ನೆ ಮೂರು. ಇವತ್ತು ಒಂದು.

ಏಪ್ರಿಲ್ 26

ಏಳಲಿಲ್ಲ. ನೋವೇ ಎಂದು ಕೇಳಿದೆ. "ನೋವಲ್ಲ. ಎದ್ದು ಏನು ಮಾಡ್ಲಿ ಹೇಳು" ಅಂದರು. ಸೊನ್ನೆ ಹಾಕಲು ಹೋದೆ, ತಡೆದರು. "ಸೊನ್ನೆ ಬರೀಬಾರ್ದು. ಆಡದೇ ಇದ್ದ ಹೋಲ್‌ಗೆ ಗೆರೆ ಎಳೀತಾರೆ."

ಗೆರೆ ಎಳೆದೆ.

ಮೇ 6, ಮಂಗಳವಾರ. ಬೆಳಿಗ್ಗೆ 7

ಕೋರ್ಸಿನ ಗೇಟ್ ಮುಂದೆಯೇ ಹಾದು ಬಂದೆ. ಒಂದೇ ಬಣ್ಣದ ಟೀ ಶರ್ಟ್ ಹಾಕಿದ ಹತ್ತಿಪ್ಪತ್ತು ಗಂಡಸರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಮ್ಮ ಬೋರ್ಡಿನ ಜಾಗದಲ್ಲಿ ನಾಲ್ಕು ಮೊಳೆ ಉಳಿದಿವೆ.

ಇದನ್ನು ಅತ್ತಿಗೆಯ ಮಂಚದ ಪಕ್ಕ ಕೂತು ಬರೆಯುತ್ತಿದ್ದೇನೆ. ಡಾಕ್ಟರು ಹೇಳಿದ ಹದಿನೈದನೇ ದಿನ. ಅಣ್ಣನ ಮಗಳು ವೀಲ್‌ಚೇರ್ ತರಿಸಿದ್ದಾಳೆ, ಹಾಲ್‌ನಲ್ಲಿದೆ, ಪ್ಲಾಸ್ಟಿಕ್ ಬಿಚ್ಚಿಲ್ಲ. ಕಾರ್ಡ್‌ನಲ್ಲಿ ಮೊದಲ ಮೂರು ಹೋಲ್‌ಗೆ ಅಂಕಿ, ಆಮೇಲೆ ಐದು ಗೆರೆ. ಒಂಬತ್ತನೆಯದು ಖಾಲಿ. ಎಷ್ಟು ಕೇಳಿಕೊಂಡರೂ ಇವತ್ತೂ ಏಳಲಿಲ್ಲ. ಈಗ ಕಣ್ಣು ಮುಚ್ಚಿದ್ದಾರೆ.

ಒಂದು ಅಂತ ಬರೆದರೆ ಯಾರಿಗೆ ಗೊತ್ತಾಗುತ್ತದೆ? ಡಾಕ್ಟರಿಗೆ ತೋರಿಸಬಹುದು. ಇನ್ನೊಂದು ವಾರ ಕೇಳಬಹುದು.

"ಬರೆದ್ಯಾ?" ಕಣ್ಣು ಬಿಡದೆ ಕೇಳಿದರು.

"ಇಲ್ಲ."

"ಬರಿ. ನಾನು ಸಹಿ ಹಾಕ್ಬೇಕು."

ಒಂದೋ, ಗೆರೆಯೋ; ಪೆನ್ ಹಿಡಿದು ಕೂತಿದ್ದೇನೆ. ಅತ್ತಿಗೆ ಕೈ ಚಾಚಿ ಕಾಯುತ್ತಿದ್ದಾರೆ. ಒಂಬತ್ತನೇ ಹೋಲ್ —